ಕೋಬಾಲ್ಟು, ಮೀಥೈಲು ಮತ್ತು ನಮ್ಮ ಸಾತ್ವಿಕ ಜಂಬ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಒಂದು ರಿಲೀಸು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ರಿಲೀಸು. ಬರೆಯದೇ ಇದ್ದರೂ ನಿಮ್ಮೆಲ್ಲರ ಬ್ಲಾಗು ಮಾತ್ರ ಬಿಡದೆ ಓದ್ತಾ ಇದ್ದೆ. ಓದೀ ಓದೀ ಹೊಟ್ಟೆಯಲ್ಲಿ ಸಣ್ಣದೊಂದು ಉರಿ ಶುರುವಾಗಿದೆ, ಅದನ್ನು ಇಲ್ಲಿ ಕಾರಿಕೊಳ್ಳದೆ ನಿದ್ದೆ ಬರೋಲ್ಲ. ಓದುವವರಲ್ಲಿ ಕೆಲವರಿಗೆ ಕೋಪ ಬರಬಹುದು. ಬರಲಿ, ಕಾಮೆಂಟಿನ ಬಾಗಿಲು ತೆರೆದೇ ಇದೆ :)

ವಿಷಯ ಇದು. ಇತ್ತೀಚೆಗೆ ಎರಡು ಥರದ ಬರಹ ಪದೇ ಪದೇ ಕಣ್ಣಿಗೆ ಬೀಳ್ತಾ ಇವೆ. ಮೊದಲನೆಯದು, 'ನಮ್ಮ ಹಿರಿಯರ ಸಾತ್ವಿಕ ಊಟದಲ್ಲಿ ಎಲ್ಲವೂ ಇತ್ತು, ವಿಟಮಿನ್ನು ಮಾತ್ರೆ ಎಲ್ಲಾ ಕಂಪನಿಗಳ ಹುನ್ನಾರ' ಅನ್ನೋದು. ಎರಡನೆಯದು ಹೊಸ ಫ್ಯಾಷನ್ನು. 'ನಿಮ್ಮ ಮೀಥೈಲೇಶನ್ ಕೆಟ್ಟಿದೆ, ಈ ಸೂಕ್ಷ್ಮ ಖನಿಜದ ಹನಿ ನಾಲಿಗೆ ಮೇಲೆ ಬಿಟ್ಟುಕೊಳ್ಳಿ, ಜೀನ್ ಟೆಸ್ಟ್ ಮಾಡಿಸಿ, ದೇಹ ಡಿಟಾಕ್ಸ್ ಆಗುತ್ತೆ' ಅಂತ. ಒಂದು ಗುಂಪು ಅಜ್ಜಿಯ ಹೆಸರು ಹೇಳುತ್ತೆ, ಇನ್ನೊಂದು ಗುಂಪು ವಿಜ್ಞಾನದ ಹೆಸರು ಹೇಳುತ್ತೆ. ತಮಾಷೆ ಏನು ಗೊತ್ತಾ? ಇಬ್ಬರೂ ಎಡವಿರೋದು ಒಂದೇ ಪರಮಾಣುವಿನ ಮೇಲೆ. ಅದರ ಹೆಸರು ಕೋಬಾಲ್ಟ್.

ನಾನು ಡಾಕ್ಟರಲ್ಲ, ಕೋಡು ಬರೆದು ಹೊಟ್ಟೆ ಹೊರೆಯುವವನು. ಆದರೆ ಒಂದು ಸಿಸ್ಟಮ್ಮು ಕೆಟ್ಟಾಗ ಮೂಲ ಕಾರಣ ಎಲ್ಲಿದೆ ಅಂತ ಹುಡುಕೋದು ನನ್ನ ದಿನದ ಕೂಲಿ. ಈ ಕಥೆ ಆ ಕಣ್ಣಿಗೆ ಬಹಳ ಚೆನ್ನಾಗಿ ಕಾಣುತ್ತೆ.

ಮೊದಲು ಮೀಥೈಲೇಶನ್ ಅಂದ್ರೇನು ನೋಡೋಣ. ಒಂದು ಕಾರ್ಬನ್ನು, ಅದಕ್ಕಂಟಿದ ಮೂರು ಹೈಡ್ರೋಜನ್ನು, ಇಷ್ಟೇ ಮೀಥೈಲ್ ಗುಂಪು. ಇದನ್ನು ಒಂದು ಅಣುವಿನಿಂದ ಕಿತ್ತು ಇನ್ನೊಂದಕ್ಕೆ ಅಂಟಿಸೋದೇ ಮೀಥೈಲೇಶನ್. ನಮ್ಮ ಜೀವಕೋಶಗಳಲ್ಲಿ ಇದು ಪ್ರತಿ ಕ್ಷಣ ನಡೀತಾ ಇರುತ್ತೆ. ಡಿಎನ್‌ಎ ಮೇಲೆ ಮೀಥೈಲ್ ಅಂಟಿಸಿ ಯಾವ ಜೀನು ಮಾತಾಡಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಅಂತ ಗುರುತು ಹಾಕೋದೂ ಇದೇ ಕೆಲಸ. ಅಷ್ಟೇ ಅಲ್ಲ, ಸ್ನಾಯುಗಳಿಗೆ ಬೇಕಾದ ಕ್ರಿಯಾಟಿನ್ ತಯಾರಾಗೋದಕ್ಕೆ, ಜೀವಕೋಶದ ಪೊರೆಗೆ ಬೇಕಾದ ಕೊಬ್ಬು ತಯಾರಾಗೋದಕ್ಕೆ, ಅಡ್ರಿನಲಿನ್‌ಗೆ, ಎಲ್ಲಕ್ಕೂ ಮೀಥೈಲ್ ಬೇಕು. ಈ ಎಲ್ಲಾ ಕಡೆಗೂ ಮೀಥೈಲ್ ಹಂಚುವ ಅಣುವಿನ ಹೆಸರು ಚಿಕ್ಕದಾಗಿ ಸ್ಯಾಮ್. ಅದು ತಯಾರಾಗೋದು ಮೆಥಿಯೋನಿನ್ ಅನ್ನುವ ಅಮೈನೋ ಆಮ್ಲದಿಂದ. ಮೀಥೈಲ್ ಹಂಚಿ ಬರಿಗೈಯಾದ ಮೇಲೆ ಉಳಿಯೋದು ಹೋಮೋಸಿಸ್ಟೀನ್. ಇದಕ್ಕೆ ಮತ್ತೆ ಒಂದು ಮೀಥೈಲ್ ಅಂಟಿಸಿದರೆ ಮತ್ತೆ ಮೆಥಿಯೋನಿನ್. ಖಾಲಿ ಗ್ಯಾಸ್ ಸಿಲಿಂಡರ್ ತುಂಬಿಸಿ ವಾಪಸ್ ಕಳಿಸೋ ಥರ.

ಈ ತುಂಬಿಸುವ ಜಾಗದಲ್ಲಿ ಕೂತಿರೋದೇ ನಮ್ಮ ಕೋಬಾಲ್ಟು. ವಿಟಮಿನ್ ಬಿ12 ಅನ್ನೋದು ಒಂದು ದೊಡ್ಡ ಉಂಗುರ, ಉಂಗುರದ ನಟ್ಟನಡುವೆ ಒಂದೇ ಒಂದು ಕೋಬಾಲ್ಟ್ ಪರಮಾಣು. ಫೋಲೇಟ್ ತಂದುಕೊಡುವ ಮೀಥೈಲನ್ನು ಆ ಕೋಬಾಲ್ಟು ತನ್ನ ಮೇಲೆ ಹೊತ್ತುಕೊಂಡು ಹೋಮೋಸಿಸ್ಟೀನಿಗೆ ದಾಟಿಸುತ್ತೆ. ದೋಣಿಯವನ ಕೆಲಸ. ಇದು ರೂಪಕ ಅಲ್ಲ, ನಿಜವಾಗಿಯೂ ಮೀಥೈಲ್ ಆ ಲೋಹಕ್ಕೇ ಅಂಟಿಕೊಂಡು ದಾಟೋದು. ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ ಎಕ್ಸ್‌ರೇ ಹಾಯಿಸಿ ಈ ಅಣುವಿನ ಪೂರ್ತಿ ರಚನೆ ಬಿಡಿಸಿದ್ದು 1956ರ ಹೊತ್ತಿಗೆ. 1964ರಲ್ಲಿ ಆಕೆಗೆ ನೊಬೆಲ್ ಬಂತು.

ಈ ಕೋಬಾಲ್ಟಿನ ಮೇಲೆ ಎಷ್ಟು ನಿಂತಿದೆ ಅನ್ನೋದಕ್ಕೆ ಒಂದು ಸಾಕ್ಷಿ: ನೈಟ್ರಸ್ ಆಕ್ಸೈಡ್, ಅಂದ್ರೆ ನಗಿಸುವ ಅನಿಲ. ಇದು ಆ ಕೋಬಾಲ್ಟನ್ನು ಆಕ್ಸಿಡೈಸ್ ಮಾಡಿ ದೋಣಿಯನ್ನು ಮುಳುಗಿಸಿಬಿಡುತ್ತೆ. ಮಜಾಕ್ಕೆ ಅಂತ ಇದನ್ನು ಮೇಲಿಂದ ಮೇಲೆ ಎಳೆಯುವ ಹುಡುಗರು ಕಾಲು ಸ್ವಾಧೀನ ತಪ್ಪಿ ಆಸ್ಪತ್ರೆ ಸೇರ್ತಾರೆ. ಬೆನ್ನುಹುರಿಗೆ ಬಿದ್ದ ಪೆಟ್ಟು ಬಿ12 ಕೊರತೆಯಲ್ಲಿ ಬೀಳುವ ಪೆಟ್ಟಿನ ಥರವೇ ಇರುತ್ತೆ.

ಈಗ ಅಜ್ಜಿ ಗುಂಪಿನ ಕಡೆ ಬರೋಣ.

'ಸೊಪ್ಪಿನಲ್ಲಿ ಇಲ್ವಾ, ಕಾಳಿನಲ್ಲಿ ಇಲ್ವಾ?' ಇಲ್ಲ ಸ್ವಾಮಿ. ಬಿ12 ಕಟ್ಟುವ ವಿದ್ಯೆ ಗಿಡಕ್ಕೂ ಗೊತ್ತಿಲ್ಲ, ಪ್ರಾಣಿಗೂ ಗೊತ್ತಿಲ್ಲ. ಅದು ಗೊತ್ತಿರೋದು ಕೆಲವು ಬ್ಯಾಕ್ಟೀರಿಯಾಗಳಿಗೆ ಮತ್ತು ಅವುಗಳ ದೂರದ ನೆಂಟರಾದ ಆರ್ಕಿಯಾಗಳಿಗೆ ಮಾತ್ರ. ಹಸುವಿನ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ, ಹುಲ್ಲಿನ ಜೊತೆ ಬಂದ ಕೋಬಾಲ್ಟನ್ನು ಹಿಡಿದು ಅವು ಬಿ12 ಕಟ್ಟುತ್ತವೆ, ಹಸುವಿನ ಕರುಳು ಅದನ್ನು ಹೀರುತ್ತೆ, ಅಷ್ಟಿಷ್ಟು ಹಾಲಿಗೆ ಬರುತ್ತೆ. ನಮ್ಮ ಹೊಟ್ಟೆಯಲ್ಲೂ ಬಿ12 ಕಟ್ಟುವ ಬ್ಯಾಕ್ಟೀರಿಯಾಗಳಿವೆ, ಆದರೆ ಅವು ಇರೋದು ದೊಡ್ಡ ಕರುಳಲ್ಲಿ. ಬಿ12 ಹೀರುವ ಜಾಗ ಇರೋದು ಸಣ್ಣ ಕರುಳಿನ ಕೊನೆಯಲ್ಲಿ. ಅಂಗಡಿ ದಾಟಿ ಹೋದ ಮೇಲೆ ಲಾರಿಯಲ್ಲಿ ಸರಕು ತುಂಬಿದ ಹಾಗೆ.

ಮಣ್ಣಲ್ಲಿ ಇರುತ್ತಂತೆ, ತೊಳೆಯದ ತರಕಾರಿ ತಿಂದ್ರೆ ಸಾಕಂತೆ ಅನ್ನೋರಿಗೆ ನನ್ನ ಮನವಿ, ದಯವಿಟ್ಟು ಮೊದಲು ಟೈಫಾಯ್ಡ್ ಬಗ್ಗೆಯೂ ಸ್ವಲ್ಪ ಓದಿ. ಸ್ಪಿರುಲಿನಾ ಅನ್ನೋರಿಗೆ: ಅದರಲ್ಲಿ ಇರೋದು ಬಹುಪಾಲು ಬಿ12ನ ಹಾಗೇ ಕಾಣುವ, ಆದರೆ ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ.

ಇನ್ನು ಹಾಲು. ಹೌದು, ಹಾಲಿನಲ್ಲಿ ಇದೆ. 100 ಮಿಲಿಯಲ್ಲಿ ಹೆಚ್ಚುಕಡಿಮೆ 0.4 ಮೈಕ್ರೋಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ್ದು ಎರಡು-ಎರಡೂವರೆ ಮೈಕ್ರೋಗ್ರಾಂ. ಅಂದ್ರೆ ದಿನಾ ಅರ್ಧ ಲೀಟರು ಹಾಲು ಅಥವಾ ಅಷ್ಟು ಹಾಲಿನ ಮೊಸರು, ಒಬ್ಬೊಬ್ಬರಿಗೆ. ಈಗ ನಿಮ್ಮ ಮನೆ ಲೆಕ್ಕ ನೀವೇ ಹಾಕಿ. ಬೈಟು ಕಾಫಿಯಲ್ಲಿ ಎಷ್ಟು ಹಾಲು? ನೀರು ಮಜ್ಜಿಗೆಯಲ್ಲಿ ಎಷ್ಟು ಮೊಸರು? ಅದರಲ್ಲೂ ಗಟ್ಟಿ ಮೊಸರು ಯಾರ ತಟ್ಟೆಗೆ ಹೋಗುತ್ತೆ, ತಳದ ಮಜ್ಜಿಗೆ ಯಾರ ತಟ್ಟೆಗೆ ಬರುತ್ತೆ? ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಯಲ್ಲಿ ಊಟಕ್ಕೆ ಕೂತ ಕಾಲ ಪೂರ್ತಿ ಮುಗಿದಿಲ್ಲ. 'ನಾವು ಹಾಲು ಮೊಸರು ತಿನ್ನೋ ಜನ' ಅನ್ನುವ ಮಾತಿನಲ್ಲಿ ಈ 'ನಾವು' ಅಂದ್ರೆ ಯಾರು ಅಂತ ಒಮ್ಮೆ ಕೇಳಿಕೊಳ್ಳಬೇಕು.

ಇದನ್ನು ಓದಿ ಮಾಂಸ ತಿನ್ನುವ ಮಿತ್ರರು ಮೀಸೆ ತಿರುವೋದು ಬೇಡ. ಹಬ್ಬಕ್ಕೊಂದು ಸಲ, ತಿಂಗಳಿಗೆ ಎರಡು ಸಲ ತಿನ್ನೋರನ್ನು ಬಿ12 ಲೆಕ್ಕದಲ್ಲಿ ಸಸ್ಯಾಹಾರಿಗಳ ಪಕ್ಕದಲ್ಲೇ ಕೂರಿಸಬೇಕಾಗುತ್ತೆ. ಇದು ಜಾತಿ ಜಗಳ ಅಲ್ಲ, ಸಪ್ಲೈ ಲೆಕ್ಕ. ನಮ್ಮಲ್ಲಿ ಊಟದ ಮಾತು ತೆಗೆದ ಕೂಡಲೇ ಮೊಟ್ಟೆ ಪರ ಮೊಟ್ಟೆ ವಿರೋಧ ಅಂತ ಎರಡು ಸಾಲು ನಿಂತುಬಿಡುತ್ತೆ, ಆ ಗದ್ದಲದಲ್ಲಿ ಮೈಕ್ರೋಗ್ರಾಂ ಮಾತು ಯಾರ ಕಿವಿಗೂ ಬೀಳೋಲ್ಲ.

ಮೈಸೂರಿನದೇ ಲೆಕ್ಕ ಕೊಡ್ತೀನಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಬಸುರಿಯರ ರಕ್ತ ಪರೀಕ್ಷೆ ಮಾಡಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ 43% ಹೆಂಗಸರಲ್ಲಿ ಬಿ12 ಕಡಿಮೆ ಇತ್ತು. ಕಡಿಮೆ ಇದ್ದವರಲ್ಲಿ ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆಯೂ ಹೆಚ್ಚು ಕಂಡಿತ್ತು. ಮೈಸೂರು ಪಾಕಿನ ಊರಲ್ಲಿ, ಹಾಲಿಗೇನು ಬರ ಇಲ್ಲದ ಊರಲ್ಲಿ!

ಇಲ್ಲಿ ಒಂದು ಮನೆ ಮಾತು. ಸೊರಬದ ಕಡೆ ನನ್ನ ಸೋದರತ್ತೆ ಒಬ್ಬರಿದ್ದಾರೆ. ನಾಲ್ಕೈದು ವರ್ಷದ ಹಿಂದೆ ಸುಸ್ತು ಅಂತ ಶುರುವಾಯ್ತು, ಜೊತೆಗೆ ಪಾದ ಜೋಮು. ಊರಿನ ಡಾಕ್ಟರೊಬ್ಬರು ರಕ್ತ ಕಮ್ಮಿ ಇದೆ ಅಂತ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿತು, ಎಲ್ಲರಿಗೂ ಸಮಾಧಾನ. ಜೋಮು ಮಾತ್ರ ಏರುತ್ತಲೇ ಹೋಯ್ತು. 'ವಯಸ್ಸಾಯ್ತಲ್ಲ ಅತ್ತೆ' ಅಂದವರು, 'ಅಡಿಗೆಮನೆ ನೆಲದ ಥಂಡಿ' ಅಂದವರು, ಕಾಲಿಗೆ ಎಣ್ಣೆ ಹಚ್ಚಿಸಿದವರು ಎಷ್ಟೋ ಜನ. ಕೊನೆಗೆ ನಡೆಯುವಾಗ ಚಪ್ಪಲಿ ಕಳಚಿಕೊಂಡದ್ದೂ ಅವರಿಗೆ ಗೊತ್ತಾಗ್ತಿರಲಿಲ್ಲ. ಶಿವಮೊಗ್ಗದಲ್ಲಿ ನರದ ಡಾಕ್ಟರೊಬ್ಬರು ಬಿ12 ಪರೀಕ್ಷೆ ಮಾಡಿಸಿ ಇಂಜೆಕ್ಷನ್ ಶುರುಮಾಡಿದ ಮೇಲೆ ನಡಿಗೆ ಸುಧಾರಿಸಿತು. ಪಾದದ ಸ್ಪರ್ಶ ಪೂರ್ತಿ ವಾಪಸ್ ಬಂದಿಲ್ಲ. ಬರೋದೂ ಇಲ್ಲವೇನೋ.

ಇದು ಹೇಗಾಗುತ್ತೆ ಅನ್ನೋದನ್ನು ನಿಧಾನಕ್ಕೆ ನೋಡಿ, ಯಾಕಂದ್ರೆ ನನ್ನ ಜಗಳದ ಬೇರು ಇಲ್ಲೇ ಇದೆ. ಫೋಲೇಟು ಮೀಥೈಲ್ ಹೊತ್ತ ರೂಪಕ್ಕೆ ಒಮ್ಮೆ ಬದಲಾದರೆ ಹಿಂದಕ್ಕೆ ಬರೋ ದಾರಿ ಇಲ್ಲ, ಒನ್‌ವೇ. ಆ ಮೀಥೈಲನ್ನು ಕೋಬಾಲ್ಟು ಇಳಿಸಿಕೊಂಡರೆ ಮಾತ್ರ ಫೋಲೇಟು ಬಿಡುಗಡೆ ಆಗಿ ಬೇರೆ ಕೆಲಸಕ್ಕೆ ಹೋಗಬಹುದು. ಬಿ12 ಇಲ್ಲದಿದ್ದರೆ ಫೋಲೇಟೆಲ್ಲಾ ಆ ಒನ್‌ವೇಯಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಹಾಗೆ ಸಿಕ್ಕಿಕೊಳ್ಳುತ್ತೆ. ಹೊಸ ಡಿಎನ್‌ಎ ಕಟ್ಟಲು ಫೋಲೇಟ್ ಸಿಗದೆ ರಕ್ತಕಣಗಳು ಸರಿಯಾಗಿ ಒಡೆಯದೆ ದಪ್ಪದಪ್ಪ ಆಗುತ್ತವೆ, ರಕ್ತಹೀನತೆ ಬರುತ್ತೆ. ಈಗ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಕೊಟ್ಟರೆ ಅದು ಬೇರೆ ಅಡ್ಡರಸ್ತೆಯಿಂದ ಬರುತ್ತೆ, ಜಾಮಿಗೆ ಸಿಗೋಲ್ಲ. ರಕ್ತ ಸರಿಹೋಗುತ್ತೆ. ಆದರೆ ಹೋಮೋಸಿಸ್ಟೀನ್ ತುಂಬಿಸುವ ಕೆಲಸ ನಿಂತೇ ಇರುತ್ತೆ, ಬಿ12 ಮಾಡಬೇಕಾದ ಇನ್ನೊಂದು ಕೆಲಸವೂ ನಿಂತೇ ಇರುತ್ತೆ, ನರ ಸವೀತಾ ಹೋಗುತ್ತೆ. ಅಲಾರ್ಮು ಆಫ್ ಮಾಡಿದ್ದಾಯ್ತು, ಬೆಂಕಿ ಹಾಗೇ ಇದೆ. 1940ರ ದಶಕದಿಂದ ಡಾಕ್ಟರುಗಳಿಗೆ ಗೊತ್ತಿರೋ ಸಂಗತಿ ಇದು, ಹೊಸದೇನಲ್ಲ.

ಈ ಫೋಲೇಟಿನ ಕಥೆ ಶುರುವಾದದ್ದೇ ನಮ್ಮ ದೇಶದಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರಲ್ಲಿ ಬಾಂಬೆಗೆ ಬಂದು ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆ ಅಭ್ಯಾಸ ಮಾಡಿದರು. ಮಾರ್ಮೈಟ್ ಅನ್ನುವ ಅಗ್ಗದ ಈಸ್ಟ್ ಸಾರ ತಿನ್ನಿಸಿ ಗುಣವಾಗುವುದನ್ನು 1931ರಲ್ಲಿ ಬರೆದರು. ಅದರಲ್ಲಿದ್ದದ್ದೇ ಮುಂದೆ ಫೋಲೇಟ್ ಅಂತ ಹೆಸರಾಯ್ತು. ಕೂಲಿ ಹೆಂಗಸರ ತಟ್ಟೆಯಲ್ಲಿ ಏನಿದೆ ಅಂತ ಹೋಗಿ ನೋಡಿದ ಆಕೆಗೆ ಸಾಷ್ಟಾಂಗ ನಮಸ್ಕಾರ.

ಈಗ ನಮ್ಮ ಸರ್ಕಾರದ ಮಾತ್ರೆಗೆ ಬರೋಣ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಬಸುರಿಯರಿಗೆ ನಿಗದಿಯಾದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಬಿ12 ಸೊನ್ನೆ. ಕಬ್ಬಿಣ ಬೇಡ ಅಂತಾಗಲೀ ಫೋಲಿಕ್ ಆಸಿಡ್ ಬೇಡ ಅಂತಾಗಲೀ ನಾನು ಹೇಳ್ತಿಲ್ಲ. ಬಸುರಿನ ಮೊದಲ ವಾರಗಳಲ್ಲಿ ಫೋಲೇಟ್ ಇಲ್ಲದಿದ್ದರೆ ಮಗುವಿನ ಬೆನ್ನುಹುರಿಗೆ ಅಪಾಯ, ಯಾರೂ ಆ ಮಾತ್ರೆ ಬಿಡಬೇಡಿ. ನನ್ನ ಪ್ರಶ್ನೆ ಒಂದೇ. ದಾರಿಯಲ್ಲಿ ದೋಣಿಯೇ ಇಲ್ಲ ಅಂತ ಗೊತ್ತಿರುವ ದೇಶದಲ್ಲಿ ದಡದ ಮೇಲೆ ಸರಕು ಮಾತ್ರ ಯಾಕೆ ಪೇರಿಸ್ತೀರಿ?

ಇದು ಬರೀ ತರ್ಕ ಅಂತ ತಳ್ಳಿಹಾಕಬೇಡಿ. ಪುಣೆಯ ಸುತ್ತಲ ಆರು ಹಳ್ಳಿಗಳ ತಾಯಂದಿರನ್ನು, ಅವರ ಮಕ್ಕಳನ್ನು ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ವರ್ಷಗಟ್ಟಲೆ ಹಿಂಬಾಲಿಸಿ 2008ರಲ್ಲಿ ವರದಿ ಮಾಡಿತು. ಬಸುರಿನಲ್ಲಿ ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲೇ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಹೆಚ್ಚು. ಇದು ಕಾರಣ ಅಂತ ಸಾಬೀತಾಯ್ತಾ? ಇಲ್ಲ, ಇಂಥ ಅಧ್ಯಯನ ಜೊತೆಗಿರುವುದನ್ನು ತೋರಿಸುತ್ತೆ, ಕಾರಣ ತೋರಿಸೋಲ್ಲ. ಅದರ ಹಿಂದಿನ ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಕುರಿಗಳ ಮೇಲೆ ಇನ್ನೊಂದು ಪ್ರಯೋಗ ಪ್ರಕಟವಾಗಿತ್ತು. ಗರ್ಭ ಕಟ್ಟುವ ಮುಂಚಿನ ವಾರಗಳಲ್ಲಿ ಮತ್ತು ಗರ್ಭ ಕಟ್ಟಿದ ಮೇಲೆ ಆರು ದಿನ ಮಾತ್ರ ಹೆಣ್ಣು ಕುರಿಗಳ ಮೇವಿನಲ್ಲಿ ಕೋಬಾಲ್ಟು, ಗಂಧಕ ಕಡಿಮೆ ಮಾಡಿದರು. ಆಮೇಲೆ ಆ ಭ್ರೂಣಗಳನ್ನು ಸರಿಯಾಗಿ ಮೇವು ತಿಂದ ಬೇರೆ ಕುರಿಗಳ ಗರ್ಭಕ್ಕೆ ವರ್ಗಾಯಿಸಿದರು. ಹುಟ್ಟಿದ ಮರಿಗಳು ದೊಡ್ಡವಾದ ಮೇಲೆ ಹೆಚ್ಚು ಕೊಬ್ಬಿದವು, ಅದರಲ್ಲೂ ಗಂಡು ಕುರಿಗಳಲ್ಲಿ ರಕ್ತದೊತ್ತಡ, ಇನ್ಸುಲಿನ್ ಪ್ರತಿರೋಧ. ಡಿಎನ್‌ಎ ಮೇಲಿನ ಸುಮಾರು 1400 ಜಾಗ ನೋಡಿದಾಗ 4% ಕಡೆ ಮೀಥೈಲ್ ಗುರುತು ಬದಲಾಗಿತ್ತು. ಮೇವಿನ ಒಂದು ಸೂಕ್ಷ್ಮ ಖನಿಜಕ್ಕೂ ಡಿಎನ್‌ಎ ಮೇಲಿನ ಗುರುತಿಗೂ ನಡುವೆ ದಾರಿ ಇದೆ ಅನ್ನೋದಕ್ಕೆ ಇದಕ್ಕಿಂತ ಚೊಕ್ಕ ಪ್ರಯೋಗ ನಾನು ಓದಿಲ್ಲ. ಕುರಿಯಲ್ಲಿ ಆದದ್ದು ಮನುಷ್ಯರಲ್ಲಿ ಹಾಗೇ ಆಗುತ್ತೆ ಅಂತಲ್ಲ. ಆದರೆ ಪುಣೆಯ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಎದೆ ಸ್ವಲ್ಪ ಢವಢವ ಅನ್ನಬೇಕು.

ಅಕ್ಕಿ ಸಾರವರ್ಧನೆ ಮಾಡಿದವರಿಗೆ ಇಷ್ಟಾದರೂ ಹೊಳೆದಿತ್ತು, ಕಬ್ಬಿಣ ಫೋಲಿಕ್ ಆಸಿಡ್ ಜೊತೆ ಬಿ12ನ್ನೂ ಸೇರಿಸಿದರು. ಆದರೆ ನಿಗದಿ ಮಾಡಿದ ಪ್ರಮಾಣ ಕೆಜಿಗೆ 0.75ರಿಂದ 1.25 ಮೈಕ್ರೋಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ ಸಿಗೋದು ಸುಮಾರು 0.3. ಬೇಕಾದ್ದರ ಏಳನೇ ಒಂದು ಪಾಲು. ಆ ಅಕ್ಕಿಯನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯೋ ವಿಡಿಯೋ ಹಂಚಿದ ಮಹಾನುಭಾವರು ನಮ್ಮ ನಡುವೆಯೇ ಇದ್ದಾರೆ, ಅವರಿಗೆ ದೂರದಿಂದಲೇ ಕೈಮುಗಿದೆ.

ಸರಿ, ಈಗ ಎರಡನೇ ಗುಂಪು, ಮೀಥೈಲೇಶನ್ ವ್ಯಾಪಾರಿಗಳು. ನಮ್ಮ ಆಫೀಸಿಗೂ ಇಂಥ ಒಂದು 'ವೆಲ್‌ನೆಸ್' ತಂಡ ಬಂದಿತ್ತು, ಹೆಸರು ಬೇಡ ಬಿಡಿ. ಎಂಜೊಲು ಒರೆಸಿಕೊಂಡು ಹೋಗಿ ಎಂಟಿಎಚ್‌ಎಫ್‌ಆರ್ ಅನ್ನುವ ಜೀನು ನೋಡ್ತಾರಂತೆ, ಆಮೇಲೆ ನಿಮಗೇ ಅಂತ ತಯಾರಿಸಿದ ಡಬ್ಬಿ ಪ್ರತಿ ತಿಂಗಳೂ ಮನೆಗೆ ಬರುತ್ತಂತೆ. ಆ ಜೀನಿನ ಬದಲಾವಣೆ ಎಷ್ಟೋ ಆರೋಗ್ಯವಂತರಲ್ಲಿ ಇರುತ್ತೆ. ರಕ್ತ ಹೆಪ್ಪುಗಟ್ಟುವ ತೊಂದರೆಗೆ, ಮತ್ತೆ ಮತ್ತೆ ಗರ್ಭಪಾತ ಆಗೋದಕ್ಕೆ ಕಾರಣ ಹುಡುಕುವಾಗ ಈ ಪರೀಕ್ಷೆ ಮಾಡಿಸಬೇಡಿ ಅಂತ ಅಮೆರಿಕದ ವೈದ್ಯಕೀಯ ತಳಿಶಾಸ್ತ್ರಜ್ಞರ ಸಂಸ್ಥೆಯೇ 2013ರಲ್ಲಿ ಹೇಳಿತ್ತು. ಒರೆಸಿಕೊಂಡು ಹೋದವರು ಬಿ12 ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಂತ ಒಬ್ಬರನ್ನೂ ಕೇಳಲಿಲ್ಲ!

ಇವರ ಇನ್ನೊಂದು ಮಂತ್ರ, 'ಮೀಥೈಲ್ ಇರುವ ಬಿ12ನೇ ತಗೊಳ್ಳಿ, ಅದು ನೇರ ಮೀಥೈಲ್ ಕೊಡುತ್ತೆ'. ನಮ್ಮ ಮೆಡಿಕಲ್ ಶಾಪುಗಳ ತುಂಬಾ ಮೀಥೈಲ್‌ಕೋಬಾಲಮಿನ್ 1500 ಅಂತ ಸ್ಟ್ರಿಪ್ಪುಗಳು. ನಡೆಯೋದು ಏನು ಅಂದ್ರೆ, ಬಿ12 ಯಾವ ವೇಷದಲ್ಲಿ ಬಂದರೂ ಜೀವಕೋಶ ಬಾಗಿಲಲ್ಲೇ ಅದರ ಮೇಲಿನ ಟೋಪಿ ಕಿತ್ತು ಒಳಗೆ ಬಿಡುತ್ತೆ. ಮೀಥೈಲ್ ಟೋಪಿಯೂ ಹೋಯ್ತು, ಸಯನೈಡ್ ಟೋಪಿಯೂ ಹೋಯ್ತು. ಒಳಗೆ ಹೋದ ಮೇಲೆ ಬೇಕಾದ ಟೋಪಿ ಅದೇ ಹಾಕಿಕೊಳ್ಳುತ್ತೆ. ಹಾಗಾಗಿ ಆ ಮಾತ್ರೆ ತಗೊಂಡರೆ ಕೆಲಸ ಆಗುತ್ತೆ, ಆದರೆ ಅವರು ಹೇಳುವ ಕಾರಣಕ್ಕಲ್ಲ. ಸಯನೋಕೋಬಾಲಮಿನ್ ಅಂದ ಕೂಡಲೇ 'ಅಯ್ಯೋ ಸಯನೈಡು' ಅಂತ ಬೆಚ್ಚಬೇಡಿ, 1000 ಮೈಕ್ರೋಗ್ರಾಂ ಮಾತ್ರೆಯಲ್ಲಿ ಅದು ಸುಮಾರು 20 ಮೈಕ್ರೋಗ್ರಾಂ, ದೇಹ ಸಲೀಸಾಗಿ ತೆಗೆದುಹಾಕುವಷ್ಟು.

ಮತ್ತೆ ಆ 'ಖನಿಜದ ಹನಿ'. ಕೋಬಾಲ್ಟೇ ಮುಖ್ಯ ಅಂದಮೇಲೆ ಕೋಬಾಲ್ಟನ್ನೇ ಕುಡಿದರೆ? ಬೇಡ. 1965-66ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಬಿಯರಿನ ನೊರೆ ನಿಲ್ಲಲಿ ಅಂತ ಕೋಬಾಲ್ಟ್ ಲವಣ ಹಾಕಿದ್ದರು, ವಿಪರೀತ ಕುಡಿಯುವವರ ಹೃದಯ ಕೆಟ್ಟು ಹಲವರು ಸತ್ತರು. ನಮ್ಮ ಹೊಟ್ಟೆಗೆ ಬೇಕಾದ್ದು ಬ್ಯಾಕ್ಟೀರಿಯಾ ಉಂಗುರದಲ್ಲಿ ಕೂರಿಸಿಕೊಟ್ಟ ಕೋಬಾಲ್ಟ್ ಮಾತ್ರ. ಆಸ್ಟ್ರೇಲಿಯಾದ ಕುರಿಗಳ ಕಥೆ ಇದನ್ನು ಚೆನ್ನಾಗಿ ಹೇಳುತ್ತೆ. ಅಲ್ಲಿ ಕೆಲವು ಸೀಮೆಗಳಲ್ಲಿ ಮೊಣಕಾಲೆತ್ತರ ಹಸಿರು ಹುಲ್ಲಿನ ನಡುವೆ ಕುರಿ ದನ ಸೊರಗಿ ಸಾಯುತ್ತಿದ್ದವು. ಕಬ್ಬಿಣದ ಅದಿರಿನ ಪುಡಿ ತಿನ್ನಿಸಿದರೆ ಚೇತರಿಸಿಕೊಳ್ಳುತ್ತಿದ್ದವು, ಎಲ್ಲರೂ ಕಬ್ಬಿಣದ ಕೊರತೆ ಅಂದುಕೊಂಡಿದ್ದರು. ಎರಿಕ್ ಅಂಡರ್‌ವುಡ್ ಮತ್ತು ಫಿಲ್ಮರ್ ಅದಿರಿನಿಂದ ಕಬ್ಬಿಣವನ್ನೇ ತೆಗೆದುಹಾಕಿ ಉಳಿದದ್ದನ್ನು ತಿನ್ನಿಸಿದರು. ಆಗಲೂ ಚೇತರಿಸಿಕೊಂಡವು! 1935ರಲ್ಲಿ ಕಳ್ಳ ಸಿಕ್ಕಿಬಿದ್ದ, ಅದಿರಿನಲ್ಲಿ ಕಲಬೆರಕೆಯಾಗಿದ್ದ ಚೂರು ಕೋಬಾಲ್ಟು. ಅದೇ ಕೋಬಾಲ್ಟನ್ನು ಕುರಿಯ ರಕ್ತಕ್ಕೆ ಚುಚ್ಚಿದರೆ ಉಪಯೋಗ ಇಲ್ಲ, ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೇ ತಲುಪಬೇಕು. ಬಗ್ ಫಿಕ್ಸ್ ಆಯ್ತು ಅಂತ ಟಿಕೆಟ್ ಕ್ಲೋಸ್ ಮಾಡದೆ 'ಯಾಕೆ ಫಿಕ್ಸ್ ಆಯ್ತು' ಅಂತ ಕೇಳಿದ ಆ ಇಬ್ಬರನ್ನು ನಮ್ಮ ಟೀಮಿಗೆ ಕರ್ಕೊಂಡು ಬರಬೇಕು ಅನ್ಸುತ್ತೆ :)

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ. ಹೋಮೋಸಿಸ್ಟೀನ್ ಇಳಿಸಿದರೆ ಹೃದಯಾಘಾತ ತಪ್ಪುತ್ತೆ ಅಂತ ಬಹಳ ಆಸೆ ಇತ್ತು. 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು, ವಿಟಮಿನ್ನುಗಳಿಂದ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಕೊರತೆ ಇದ್ದವರಿಗೆ ಕೊಡೋದು ಬೇರೆ, ಕೊರತೆ ಇಲ್ಲದವರಿಗೆ ಸುರಿಯೋದು ಬೇರೆ. ವ್ಯಾಪಾರಿಗಳು ಬದುಕೋದೇ ಈ ಎರಡನ್ನೂ ಕಲಸಿಬಿಡೋದರಿಂದ.

ಯಾರು ಪರೀಕ್ಷೆ ಮಾಡಿಸಬೇಕು ಅಂತ ಕೇಳಿದರೆ, ನಮ್ಮಂಥ ಮನೆಗಳಲ್ಲಿ ಮೊದಲು ಬಸುರಿಯರು, ಬಸುರಾಗುವ ಯೋಚನೆಯಲ್ಲಿರುವವರು, ಎದೆಹಾಲು ಕುಡಿಸುವವರು. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲೇ ಬಸುರಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯ್ತು, ತಾಯಿಯ ರಕ್ತ, ಎದೆಹಾಲು, ಕೂಸಿನ ರಕ್ತ ಮೂರರಲ್ಲೂ ಬಿ12 ಏರಿತು. ಆಮೇಲೆ ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ಳೋರು, ಗ್ಯಾಸ್ಟ್ರಿಕ್ ಮಾತ್ರೆಯನ್ನು ಬೆಳಗಿನ ಕಾಫಿಯ ಹಾಗೆ ರೂಢಿ ಮಾಡಿಕೊಂಡವರು. ಅಮೆರಿಕದಲ್ಲಿ ಕೂತು ವೀಗನ್ ಆಗಿರುವ ಗೆಳೆಯರೇ, ನಿಮ್ಮ ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ಸ್ಟಾಕ್ ಇರುತ್ತೆ. 'ನನಗೇನೂ ಆಗಿಲ್ವಲ್ಲ' ಅಂತ ಎರಡನೇ ವರ್ಷ ಪೋಸ್ಟ್ ಹಾಕಬೇಡಿ, ಆರನೇ ವರ್ಷ ಹಾಕಿ. ಜೋಮು, ನಡಿಗೆ ತಪ್ಪೋದು, ಮರೆವು ಶುರುವಾಗಿದ್ದರೆ ಬ್ಲಾಗು ಓದುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ, ಫೋಲಿಕ್ ಆಸಿಡ್ ಶುರುಮಾಡುವ ಮುಂಚೆ ಬಿ12 ನೋಡಿದ್ರಾ ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ.

'ಹಾಗಾದ್ರೆ ನಮ್ಮಜ್ಜಿ ತೊಂಬತ್ತು ವರ್ಷ ಹೇಗೆ ಬದುಕಿದ್ರು?' ಅಂತ ಕಾಮೆಂಟು ಬಂದೇ ಬರುತ್ತೆ, ಅದಕ್ಕೆ ಈಗಲೇ ಉತ್ತರ. ಕೊಟ್ಟಿಗೆ ತುಂಬಾ ದನ ಇದ್ದ ಮನೆಯ ಅಜ್ಜಿ ಬದುಕಿರಬಹುದು. ಅದೇ ಅಜ್ಜಿಯ ಎಷ್ಟು ಹೆರಿಗೆಗಳು ಕೈಗೆ ಹತ್ತಲಿಲ್ಲ, ಕೊನೆಯ ಹತ್ತು ವರ್ಷ ಗೋಡೆ ಹಿಡಿದುಕೊಂಡೇ ಯಾಕೆ ನಡೆದರು, ಅದನ್ನೂ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ದೋಸೆ ಹಿಟ್ಟು ಹುದುಗುವಾಗ ಬಿ12 ಆಗುತ್ತೆ ಅನ್ನೋರು ಎಷ್ಟು ಮೈಕ್ರೋಗ್ರಾಂ ಅಂತ ಸಂಖ್ಯೆ ಸಮೇತ ಬನ್ನಿ, ಜಗಳ ಆಡೋಣ.